ಆಡಲ್ಲ ಅಂದ ಪಾದ್ರಿ

ಓದುಗರ ಪತ್ರ: ಇಂಗ್ಲೆಂಡಿನ ಕ್ರಿಕೆಟಿಗ, ಪಾದ್ರಿ ಡೇವಿಡ್ ಶೆಪರ್ಡ್ ಬಗ್ಗೆ ನೀವು ಬರೆದದ್ದು ಓದಿದೆ. ಎರಡು ದೋಣಿಯ ಮೇಲೆ ಕಾಲಿಟ್ಟವರು. ಕ್ರಿಕೆಟ್‌ಗೂ ನ್ಯಾಯ ಸಲ್ಲಿಸಲಿಲ್ಲ, ಚರ್ಚಿಗೂ ಇಲ್ಲ. ಸಾಲದ್ದಕ್ಕೆ ರಾಜಕೀಯ ಬೇರೆ. ಆಟಗಾರ ಆಡಿಕೊಂಡಿರಬೇಕು ಅಲ್ವಾ?
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಪತ್ರ ಚೆನ್ನಾಗಿದೆ, ಅರ್ಧ ಮಾತು ಒಪ್ಪುತ್ತೇನೆ. 22 ಟೆಸ್ಟ್‌, 3 ಶತಕ ಅಂದರೆ ಆ ಕೈಗೆ ಕಮ್ಮಿಯೇ. 1952ರಲ್ಲಿ ಓವಲ್‌ನಲ್ಲಿ ನಮ್ಮವರ ಮೇಲೇ 119 ಹೊಡೆದವರು. 1954ರಲ್ಲಿ ಲೆನ್ ಹಟನ್‌ಗೆ ಹುಷಾರಿಲ್ಲದಾಗ 2 ಟೆಸ್ಟ್‌ಗೆ ಇಂಗ್ಲೆಂಡಿನ ನಾಯಕ. ಮರುವರ್ಷವೇ ಗುರುದೀಕ್ಷೆ ಪಡೆದು ಚರ್ಚಿನ ಕೆಲಸಕ್ಕೆ ಸೇರಿದರು. ಕ್ರಿಕೆಟ್ ಪ್ರೇಮಿಗಳಿಗೆ ಹೊಟ್ಟೆ ಉರಿಯೋದು ಸಹಜ.

ಆದರೆ ನ್ಯಾಯ ಸಲ್ಲಿಸಲಿಲ್ಲ ಅಂದಿರಲ್ಲ, ಅದನ್ನು ಒಪ್ಪಲಾರೆ. 1956ರ ಓಲ್ಡ್ ಟ್ರಾಫರ್ಡ್ ಟೆಸ್ಟ್ ಅಂದರೆ ಎಲ್ಲರಿಗೂ ಇಂಗ್ಲೆಂಡಿನ ಬೌಲರ್ ಜಿಮ್ ಲೇಕರ್‌ರ 19 ವಿಕೆಟ್ ನೆನಪು. ಅದೇ ಪಂದ್ಯದಲ್ಲಿ, ಆ ವರ್ಷ ಬ್ಯಾಟ್ ಹಿಡಿದದ್ದೇ ಅಪರೂಪವಾಗಿದ್ದ ಈ ಪಾದ್ರಿ 113 ಹೊಡೆದಿದ್ದರು. 1963ರ ಮೆಲ್ಬರ್ನ್ ಟೆಸ್ಟ್ ನನಗೆ ಇನ್ನೂ ಇಷ್ಟ. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಕ್ಯಾಚ್‌ಗಳೂ ಕೈಜಾರಿದವು. ಅಷ್ಟೆಲ್ಲ ಆದಮೇಲೆ ಎರಡನೇ ಇನಿಂಗ್ಸ್‌ನಲ್ಲಿ ಮತ್ತೆ 113. ಗೆಲುವಿಗೆ ಒಂದೇ ರನ್ ಬೇಕಿದ್ದಾಗ ರನ್ ಔಟ್. ಪಂದ್ಯ ಮಾತ್ರ ಇಂಗ್ಲೆಂಡಿನದ್ದೇ. ಆ ಪ್ರವಾಸದಲ್ಲೂ ಅವರು ಚರ್ಚುಗಳಲ್ಲಿ ಪ್ರಸಂಗ ಮಾಡುವುದನ್ನು ಬಿಟ್ಟಿರಲಿಲ್ಲ.

ಉಳಿದ ಕಾಲವೆಲ್ಲ ಎಲ್ಲಿದ್ದರು ಗೊತ್ತಾ? ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನ್‌ನಲ್ಲಿ, ಹಡಗುಕಟ್ಟೆಯ ಕೂಲಿಗಳ ಕೇರಿಯಲ್ಲಿ, 12 ವರ್ಷ. ಅಲ್ಲಿನ ಜನರ ಜೊತೆ ಬದುಕಿದವರಿಗೆ ಜನರನ್ನು ಮೈಬಣ್ಣ ನೋಡಿ ಬೇರೆ ಮಾಡುವ ದೇಶದ ಜೊತೆ ಆಡುವುದು ಸರಿ ಕಾಣಲಿಲ್ಲ. 1960ರಲ್ಲಿ ದಕ್ಷಿಣ ಆಫ್ರಿಕಾ ತಂಡ ಇಂಗ್ಲೆಂಡಿಗೆ ಬಂದಾಗ, ನಾನು ಆಡಲ್ಲ ಅಂದರು. ಇದು ರಾಜಕೀಯವಾದರೆ ಆಗಲಿ. ಅವರ ಮೂರು ಶತಕಕ್ಕಿಂತ ಇದನ್ನೇ ನಾನು ದೊಡ್ಡ ಇನಿಂಗ್ಸ್ ಅನ್ನುತ್ತೇನೆ.

ಕೇಪ್‌ಟೌನ್‌ನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಆಡುತ್ತಿದ್ದ ಬೆಸಿಲ್ ಡಿ'ಒಲಿವೇರಾ 1968ರಲ್ಲಿ ಆಸ್ಟ್ರೇಲಿಯಾ ಮೇಲೆ 158 ಹೊಡೆದರೂ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಮೊದಲು ಆಯ್ಕೆಯಾಗಲಿಲ್ಲ. ಅವರು ಬಿಳಿಯರಲ್ಲ. ಗಲಾಟೆಯಾಯಿತು. ಒಬ್ಬರಿಗೆ ಗಾಯವಾಗಿ ಇವರನ್ನು ಸೇರಿಸಿಕೊಂಡರು. ಅಲ್ಲಿನ ಪ್ರಧಾನಿ ಒಪ್ಪದೆ ಪ್ರವಾಸವೇ ರದ್ದಾಯಿತು. ಆಗ ಇಂಗ್ಲೆಂಡ್ ತಂಡವನ್ನು ಪ್ರವಾಸಕ್ಕೆ ಕಳಿಸುತ್ತಿದ್ದ ಕ್ಲಬ್ ಎಂಸಿಸಿ. ಡಿಸೆಂಬರಿನಲ್ಲಿ ಈ ವಿಚಾರಕ್ಕೇ ಕರೆದ ಅದರ ವಿಶೇಷ ಸಭೆಯಲ್ಲಿ ಶೆಪರ್ಡ್ ಎದ್ದು ನಿಂತು ತಮ್ಮ ಕ್ಲಬ್ಬಿನವರನ್ನೇ ತರಾಟೆಗೆ ತೆಗೆದುಕೊಂಡರು. ಬೆಂಬಲಕ್ಕೆ ನಿಂತವರು ಆಗಿನ್ನೂ ಹುಡುಗರಾಗಿದ್ದ, ಮುಂದೆ ಇಂಗ್ಲೆಂಡ್ ನಾಯಕರಾದ ಮೈಕ್ ಬ್ರೇರ್ಲಿ. ಮತಕ್ಕೆ ಹಾಕಿದಾಗ ಸೋತರು. ಸೋಲು ಗ್ಯಾರಂಟಿ ಅಂತ ಗೊತ್ತಿದ್ದೂ ಹಳೇ ಗೆಳೆಯರ ಎದುರು ನಿಲ್ಲೋದು ಸುಮ್ನೆ ಅಲ್ಲ ಸ್ವಾಮಿ. ಆಮೇಲೆ 1975ರಿಂದ 1997ರವರೆಗೆ ಲಿವರ್‌ಪೂಲ್‌ನ ಬಿಷಪ್ ಆಗಿ, ಕ್ಯಾಥೊಲಿಕ್ ಆರ್ಚ್‌ಬಿಷಪ್ ಡೆರೆಕ್ ವರ್ಲಾಕ್ ಜೊತೆ ಹೆಗಲು ಕೊಟ್ಟು ದುಡಿದರು. ಚರ್ಚಿಗೆ ಇನ್ನೆಂಥ ನ್ಯಾಯ ಬೇಕಿತ್ತು?

ನನ್ನ ಸಿಟ್ಟು ನಿಮ್ಮ ಮೇಲಲ್ಲ. 'ಆಡಿಕೊಂಡಿರು' ಅನ್ನೋ ಮಾತು ಈಗ ನಮ್ಮ ಮಕ್ಕಳಿಗೂ ಪಾಠವಾಗಿದೆ. ಬೆಳ್ಳಂಬೆಳಗ್ಗೆ ಕಿಟ್ ಹೊತ್ತು ನೆಟ್ಸ್‌ಗೆ ಓಡುವ ಹತ್ತು ವರ್ಷದ ಹುಡುಗನಿಗೆ ಪುಸ್ತಕ ಓದಬೇಡ, ಬೇರೆ ಯೋಚನೆ ಬೇಡ, ಕೋಚ್ ಹೇಳಿದ್ದು ಕೇಳು ಅನ್ನುತ್ತೇವೆ. ಅವನೇ ದೊಡ್ಡವನಾಗಿ ಜಾಹೀರಾತಿನಲ್ಲಿ ಎಣ್ಣೆ, ಸಾಬೂನು, ಸಿಮೆಂಟ್ ಎಲ್ಲದರ ಬಗ್ಗೆ ಮಾತಾಡುತ್ತಾನೆ. ಊರಿನಲ್ಲಿ ಅನ್ಯಾಯ ನಡೆದರೆ ಮಾತ್ರ ಬಾಯಿ ಬಿಡಲ್ಲ. ಬಿಟ್ಟರೆ ನಾವೇ ಬೈಯುತ್ತೇವೆ, ನಿನಗ್ಯಾಕಪ್ಪ ಇದೆಲ್ಲ, ಹೋಗಿ ಬ್ಯಾಟಿಂಗ್ ಮಾಡು ಅಂತ.