ಹತ್ತು ದಿನದ ಡೆನ್ಮಾರ್ಕ್ ಪ್ರವಾಸಕ್ಕೆ ಎಷ್ಟು ಡ್ಯಾನಿಶ್ ಕಲಿತರೆ ಸಾಕು?

ಮುಂದಿನ ತಿಂಗಳು ಹತ್ತು ದಿನಕ್ಕೆ ಡೆನ್ಮಾರ್ಕ್‌ಗೆ ಹೊರಟಿದ್ದೀರಿ, ಭಾಷೆ ಒಂದಕ್ಷರ ಬರಲ್ಲ, ಏನು ಕಲಿಯಲಿ ಅಂತ ಕೇಳಿದ್ದೀರಿ. ನಾನು ಕೋಪನ್‌ಹೇಗನ್‌ನಲ್ಲಿ ಎರಡು ವರ್ಷ ಕೆಲಸಕ್ಕಿದ್ದೆ. ನನ್ನ ಉತ್ತರ ಸ್ವಲ್ಪ ಉಲ್ಟಾ ಅನ್ನಿಸಬಹುದು. ಮಾತಾಡೋಕೆ ಐದಾರು ಪದ ಸಾಕು. ಓದೋಕೆ ಮಾತ್ರ ಮೂವತ್ತು, ನಲವತ್ತು ಪದ ಬೇಕು.

ಯಾಕೆ ಅಂದರೆ, ಅಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ನೀವು ಒದ್ದಾಡಿಕೊಂಡು ಡ್ಯಾನಿಶ್‌ನಲ್ಲಿ ಕೇಳಿದರೆ ಅವರು ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಾರೆ. ಬೇಜಾರು ಮಾಡ್ಕೋಬೇಡಿ, ಪಾಪ, ಸಹಾಯ ಮಾಡೋಣ ಅಂತಲೇ ಹಾಗೆ ಮಾಡೋದು. ಆದರೆ ಸೂಪರ್‌ಮಾರ್ಕೆಟ್‌ನ ಪೊಟ್ಟಣಕ್ಕೆ ಇಂಗ್ಲಿಷ್ ಬರಲ್ಲ.

ಹೋದ ಮೊದಲ ವಾರದ ಕಥೆ ಕೇಳಿ. ನಾನು ಸಸ್ಯಾಹಾರಿ. ಅಂಗಡಿಯ ಫ್ರಿಜ್‌ನಲ್ಲಿ ಒಂದು ಅಲ್ಯೂಮಿನಿಯಂ ಫಾಯಿಲ್ ತಟ್ಟೆ ಕಾಣಿಸಿತು. ಮೇಲ್ಭಾಗ ಚೆನ್ನಾಗಿ ಕೆಂಪಗೆ ಬೆಂದಿತ್ತು, ಥೇಟ್ ನಮ್ಮೂರ ಬೇಕರಿಯ ಬ್ರೆಡ್ ಪುಡಿಂಗ್. ಅಗ್ಗವೂ ಆಗಿತ್ತು, ಕೊಂಡು ತಂದೆ. ಚಮಚ ಹಾಕುವಷ್ಟರಲ್ಲಿ ಮನೆಯಲ್ಲಿ ಜೊತೆಗಿದ್ದ ಹುಡುಗ ನೋಡಿ ಕೈ ಹಿಡಿದ. ಅದು 'ಲೆವರ್‌ಪೊಸ್ಟೈ'. ಹಂದಿಯ ಲಿವರ್, ಕೊಬ್ಬು ಎರಡನ್ನೂ ರುಬ್ಬಿ ಬೇಯಿಸಿದ್ದು, ರೈ ಬ್ರೆಡ್ ಮೇಲೆ ಸವರಿಕೊಂಡು ತಿನ್ನುತ್ತಾರೆ. ಹೆಸರಲ್ಲೇ ಲಿವರ್ ಇತ್ತಲ್ಲಾ!

ಅವತ್ತು ರಾತ್ರಿಯೇ ಕೂತು ಪಟ್ಟಿ ಮಾಡಿದೆ. ಸ್ವೀನೆ ಅಂದರೆ ಹಂದಿ, ಒಕ್ಸೆ ದನ, ಕ್ಯುಲ್ಲಿಂಗ್ ಕೋಳಿ, ಸ್ಕಿಂಕೆ ಹ್ಯಾಮ್, ಫಿಸ್ಕ್ ಮೀನು. ಮಾಂಸಕ್ಕೆ ಒಟ್ಟಾರೆ ಪದ 'ಕೋಡ್' (kød), ನಡುವಿನ o ಅಕ್ಷರಕ್ಕೆ ಅಡ್ಡಗೆರೆ ಹೊಡೆದಿರುತ್ತಾರೆ. ಇದಕ್ಕಿಂತ ಮುಖ್ಯವಾದವು ಎರಡು ಚಿಕ್ಕ ಪದ: 'ಮೆಡ್' ಅಂದರೆ ಇದೆ, 'ಊಡೆನ್' ಅಂದರೆ ಇಲ್ಲ. ಊಡೆನ್ ಕೋಡ್ ಅಂತಿದ್ದರೆ ಧೈರ್ಯವಾಗಿ ಬುಟ್ಟಿಗೆ ಹಾಕಿ. ಮಿಠಾಯಿ ಪೊಟ್ಟಣದ ಹಿಂದೆ 'ಗೆಲಟೀನೆ' (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್) ಅಂತ ಕಂಡರೆ ನಾನು ವಾಪಸ್ ಇಡುತ್ತಿದ್ದೆ. ನೀವು ಎಲ್ಲಾ ತಿನ್ನುವವರಾದರೆ ಈ ಪ್ಯಾರಾ ಬಿಟ್ಟುಬಿಡಿ.

ಇನ್ನು ಉಚ್ಚಾರಣೆ. ನಾವು ಬರೆದ ಹಾಗೇ ಓದುವ ಜನ. ಅವರು ಪೂರ್ತಿ ಬರೆದು ಅರ್ಧ ನುಂಗುತ್ತಾರೆ. ಅವರ ರಾಜಧಾನಿ ಅವರ ಬಾಯಲ್ಲಿ 'ಕೊಬ್‌ಮ್‌ಹೌನ್'. ಪದದ ಕೊನೆಯ 'ಡ್' ಎಷ್ಟೋ ಕಡೆ ನಮ್ಮ ಕಿವಿಗೆ 'ಲ್' ಥರ ಕೇಳುತ್ತದೆ. ನಾಲಗೆ ತುದಿಯನ್ನು ಕೆಳಹಲ್ಲಿನ ಹಿಂದೆ ಒತ್ತಿಟ್ಟು 'ಲ' ಅನ್ನೋಕೆ ನೋಡಿ, ಹತ್ತಿರ ಬರುತ್ತೀರಿ. ಕೆಂಪು ಹಣ್ಣುಗಳ ಒಂದು ಸಿಹಿಗೆ ಕ್ರೀಮ್ ಹಾಕಿ ಕೊಡುತ್ತಾರೆ, ಅದರ ಹೆಸರು ಹೆಚ್ಚುಕಡಿಮೆ 'ರೋಲ್‌ಗ್ರೋಲ್ ಮೆಲ್ ಫ್ಲೋಲೆ'. ಹೊರಗಿನವರ ಕೈಲಿ ಅದನ್ನು ಹೇಳಿಸಿ ನಗೋದು ಅಲ್ಲಿನವರಿಗೆ ಒಂದು ಖುಷಿ. ನೀವೂ ಸಿಕ್ಕಿಬೀಳುತ್ತೀರಿ, ನೋಡ್ತಿರಿ.

ಅದಕ್ಕೇ ಪುಸ್ತಕ ನೋಡಿ ಕಲಿಯಬೇಡಿ. ಫೋನಿನ ಅನುವಾದ ಆ್ಯಪ್‌ನಲ್ಲಿ ಸ್ಪೀಕರ್ ಗುಂಡಿ ಒತ್ತಿ, ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕಣ್ಣು ಮತ್ತೆ ಮೋಸ ಮಾಡುತ್ತದೆ. ನನ್ನ ಚೀಟಿಯಲ್ಲಿದ್ದದ್ದು ಇಷ್ಟೇ: ಸಿಕ್ಕಾಗ 'ಹೈ', ಹೊರಡುವಾಗ 'ಹೈ ಹೈ', ಥ್ಯಾಂಕ್ಸ್‌ಗೆ 'ಟಕ್', ಸಾರಿ ಅನ್ನೋಕೆ 'ಉನ್‌ಸ್ಕ್ಯುಲ್', ಹೌದಿಗೆ 'ಯಾ', ಇಲ್ಲಕ್ಕೆ 'ನೈ'. ಪ್ಲೀಸ್‌ಗೆ ಅವರಲ್ಲಿ ಸರಿಯಾದ ಒಂಟಿ ಪದವೇ ಇಲ್ಲ. ನಮ್ಮಲ್ಲೂ ಹೋಟೆಲ್‌ನಲ್ಲಿ 'ದಯವಿಟ್ಟು ಒಂದು ಕಾಫಿ' ಅಂತ ಯಾರು ಹೇಳ್ತಾರೆ? 'ಕೊಡಿ' ಅನ್ನೋದರಲ್ಲೇ ಮರ್ಯಾದೆ ಇದೆ. ಅಲ್ಲಿ ಆ ಕೆಲಸವನ್ನು ಟಕ್ ಮಾಡುತ್ತದೆ. ಬೇಕರಿಯಲ್ಲಿ 'ಎನ್ ಕನೇಲ್‌ಸ್ನೈಲ್, ಟಕ್' ಅನ್ನಿ. ಬಸವನಹುಳು ಥರ ಸುತ್ತಿದ ದಾಲ್ಚಿನ್ನಿ ಬನ್ ಕೈಗೆ ಬರುತ್ತದೆ.

ಸಂಖ್ಯೆಯ ವಿಷಯದಲ್ಲಿ ಮಾತ್ರ ಹುಷಾರು. ಸಹೋದ್ಯೋಗಿಯೊಬ್ಬರು ಭಾನುವಾರ 'ಹಲ್ ಟ್ರೇ'ಗೆ ಕಾಫಿಗೆ ಬಾ ಅಂದಿದ್ದರು. ಹಲ್ ಅಂದರೆ ಅರ್ಧ, ಟ್ರೇ ಅಂದರೆ ಮೂರು. ಸರಿ, ಮೂರೂವರೆಗೆ ಹೋದೆ. ಕಾಫಿ ಆರಿತ್ತು, ಅವರ ಮುಖವೂ ಸ್ವಲ್ಪ ಆರಿತ್ತು. ಅವರು ಕರೆದದ್ದು ಎರಡೂವರೆಗೆ! ನಾವು ಎರಡು ದಾಟಿ ಅರ್ಧ ಅನ್ನುತ್ತೇವೆ, ಅವರು ಮೂರರ ಕಡೆಗೆ ಅರ್ಧ ಅನ್ನುತ್ತಾರೆ. ಐವತ್ತಕ್ಕೂ ಇದೇ ಲೆಕ್ಕ: 'ಹಲ್‌ಟ್ರೆಸ್', ಅಂದರೆ ಎರಡೂವರೆ ಸಲ ಇಪ್ಪತ್ತು. ಅರವತ್ತು ಮೂರು ಇಪ್ಪತ್ತು, ಎಪ್ಪತ್ತು ಮೂರೂವರೆ ಇಪ್ಪತ್ತು, ತೊಂಬತ್ತು ನಾಲ್ಕೂವರೆ ಇಪ್ಪತ್ತು. ಎಪ್ಪತ್ತೈದನ್ನು 'ಐದು ಮತ್ತು ಎಪ್ಪತ್ತು' ಅಂತ ಹಿಂದುಮುಂದಾಗಿ ಹೇಳುತ್ತಾರೆ. ಒಂದರಿಂದ ಹತ್ತು ಕಲಿತು ಸುಮ್ನಿರಿ. ಬಿಲ್ ಎಷ್ಟಾಯಿತು ಅಂತ ಕ್ಯಾಶ್ ಕೌಂಟರಿನ ಪರದೆ ನೋಡಿದರಾಯಿತು. ಅಂದ ಹಾಗೆ, ಅಲ್ಲಿ ನಡೆಯೋದು ಕ್ರೋನರ್, ಯೂರೋ ಅಲ್ಲ.

ಬೋರ್ಡುಗಳಲ್ಲಿ ಇವು ಜಾಸ್ತಿ ಸಿಗುತ್ತವೆ: ಉಡ್‌ಗಾಂಗ್ (ಹೊರಗೆ ಹೋಗುವ ದಾರಿ), ಲುಕ್ಕೆಟ್ (ಮುಚ್ಚಿದೆ), ಸ್ಪೋರ್ (ಪ್ಲಾಟ್‌ಫಾರ್ಮ್), ಬಾಗಿಲ ಮೇಲೆ ಸ್ಕುಬ್ (ತಳ್ಳಿ), ಟ್ರೆಕ್ (ಎಳೆಯಿರಿ). ರೈಲಿನಲ್ಲಿ 'ಸ್ಟಿಲ್ಲೆಝೋನೆ' ಅಂತಿದ್ದರೆ ಅದು ಮಾತಾಡಬಾರದ ಭಾಗ. ನಾನು ಆರ್ಹುಸ್ ನಗರಕ್ಕೆ ಹೋಗುವಾಗ ಅಲ್ಲಿ ಕೂತು ಅಮ್ಮನ ಜೊತೆ ಇಪ್ಪತ್ತು ನಿಮಿಷ ಫೋನಲ್ಲಿ ಹರಟಿದ್ದೆ. ಎದುರಿನ ಹೆಂಗಸು ಏನೂ ಅನ್ನಲಿಲ್ಲ, ಕಿಟಕಿಯ ಮೇಲಿನ ಸ್ಟಿಕ್ಕರ್ ಕಡೆ ಬೆರಳು ತೋರಿಸಿ ಮತ್ತೆ ಪುಸ್ತಕ ಓದತೊಡಗಿದರು.

ಕೊನೆಯದಾಗಿ 'ಪಂಟ್'. ನೀರು, ಸೋಡಾ ಬಾಟಲಿಗಳ ಮೇಲೆ ಈ ಪದದ ಜೊತೆ ಎ, ಬಿ ಅಥವಾ ಸಿ ಇರುತ್ತದೆ. ಅದು ಬಾಟಲಿಯ ಡೆಪಾಸಿಟ್: 1, 1.50, 3 ಕ್ರೋನರ್. ಖಾಲಿ ಬಾಟಲಿ ಎಸೆಯಬೇಡಿ, ಸೂಪರ್‌ಮಾರ್ಕೆಟ್‌ನ ಮಷೀನಿಗೆ ಹಾಕಿದರೆ ಚೀಟಿ ಬರುತ್ತದೆ, ಕೌಂಟರಿನಲ್ಲಿ ದುಡ್ಡು ಕೊಡುತ್ತಾರೆ. ಸಿ ಅಂತಿರುವ ಹತ್ತು ದೊಡ್ಡ ಬಾಟಲಿ ಕೂಡಿಟ್ಟರೆ 30 ಕ್ರೋನರ್. ಒಂದು ಸಲ ನನ್ನ ಕನೇಲ್‌ಸ್ನೈಲ್ ಖರ್ಚು ಅದರಲ್ಲೇ ಕಳೆದಿತ್ತು.