ಓದುಗರ ಪ್ರಶ್ನೆ: ಬಣ್ಣ ಆಮೇಲೆ, ಮೊದಲು ಪಿಕಪ್

ಪ್ರಶ್ನೆ: ಕಾಕಾ, ನಾನು ಬಿ.ಎಸ್ಸಿ ಎರಡನೇ ವರ್ಷ ಓದ್ಲಾಕತ್ತೀನಿ. ಮೂರು ವರ್ಷದಿಂದ ಅಕೌಸ್ಟಿಕ್ ಗಿಟಾರ್ ಬಾರಿಸ್ತೀನಿ. ಎಲೆಕ್ಟ್ರಿಕ್ ತಗೋಬೇಕಂತ 25 ಸಾವಿರ ಕೂಡಿಸಿಟ್ಟೀನಿ. ಒಬ್ಬ ಗೆಳೆಯ ಸಿಂಗಲ್ ಕಾಯಿಲ್ ಇದ್ದದ್ದೇ ತಗೋ ಅಂತಾನ, ಇನ್ನೊಬ್ಬ ಹಂಬಕರ್ ಬಿಟ್ಟು ಬ್ಯಾರೆ ಮುಟ್ಟಬ್ಯಾಡ ಅಂತಾನ. ನಮ್ಮ ಬ್ಯಾಂಡ್ ಗ್ಯಾದರಿಂಗ್‌ನಾಗ ಹಳೇ ಸಿನಿಮಾ ಹಾಡೂ ಬಾರಿಸ್ತದ, ರಾಕೂ ಬಾರಿಸ್ತದ. ಅಂಗಡ್ಯಾಗ ಕಪ್ಪು ಬಣ್ಣದ್ದೊಂದು ಭಾಳ ಮನಸಿಗೆ ಬಂದದ. ಯಾವುದು ತಗೊಳ್ಳಿ?
— ವಿದ್ಯಾರ್ಥಿ, ಶಹಾಬಜಾರ್, ಕಲಬುರಗಿ

ಉತ್ತರ: ತಮ್ಮಾ, ಕಪ್ಪು ಬಣ್ಣ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಆ ಗಿಟಾರಿನ ತಂತಿಗಳ ಕೆಳಗೆ ಏನು ಕೂತಿದೆ ನೋಡು. ಅದೇ ಪಿಕಪ್, ತಂತಿಯ ಅಲುಗಾಟವನ್ನು ಕರೆಂಟ್ ಮಾಡಿ ಆಂಪ್ಲಿಫೈಯರಿಗೆ, ಅಂದರೆ ಆಂಪಿಗೆ, ಕಳಿಸುವ ಸಾಧನ.

ನೆಹರು ಗಂಜ್‌ನಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಹಗಲೆಲ್ಲ ಸುಟ್ಟ ಬೋರ್‌ವೆಲ್ ಮೋಟಾರು, ಸೀಲಿಂಗ್ ಫ್ಯಾನು ಬಿಚ್ಚಿ ತಾಮ್ರದ ತಂತಿ ಸುತ್ತುತ್ತೇನೆ. 22 ವರ್ಷ ರಾತ್ರಿ ಹೊತ್ತು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿದ್ದೇನೆ. ಹಾಗಾಗಿ ಪಿಕಪ್ ನನ್ನ ಕಣ್ಣಿಗೆ ಉಲ್ಟಾ ಮೋಟಾರಿನ ಹಾಗೆಯೇ ಕಾಣುತ್ತದೆ. ಮೋಟಾರಿಗೆ ಕರೆಂಟ್ ಕೊಟ್ಟರೆ ತಿರುಗುತ್ತದೆ. ಇಲ್ಲಿ ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟದ್ದು ಇದನ್ನೇ. ನೈಲಾನ್ ತಂತಿ ಹಾಕಿದರೆ ಈ ಪಿಕಪ್ ಮೂಕವಾಗುವುದೂ ಇದೇ ಕಾರಣಕ್ಕೆ. ಫ್ಯಾನಿಗೆ ನಾವು 36 ನಂಬರ್ ತಂತಿ ಸುತ್ತುತ್ತೇವೆ. ಪಿಕಪ್‌ನದು ನಮ್ಮ ಲೆಕ್ಕದಲ್ಲಿ 46 ನಂಬರಿನ ಆಸುಪಾಸು (ನಂಬರ್ ಏರಿದಷ್ಟೂ ತಂತಿ ಸಣ್ಣ), 0.06 ಮಿ.ಮೀ ದಪ್ಪ, ತಲೆಗೂದಲಿನಷ್ಟು. ಒಂದು ಸಿಂಗಲ್ ಕಾಯಿಲ್‌ನಲ್ಲಿ, ಅಂದರೆ ಒಂದೇ ಸುರುಳಿಯ ಪಿಕಪ್‌ನಲ್ಲಿ, ಅಂಥದ್ದು ಏಳೆಂಟು ಸಾವಿರ ಸುತ್ತು ಇರುತ್ತದೆ.

ಅಷ್ಟು ಸುತ್ತಿನ ಸುರುಳಿಗೆ ಗಿಟಾರ್ ತಂತಿಯದಷ್ಟೇ ಅಲ್ಲ, ಟ್ಯೂಬ್‌ಲೈಟಿನ ಚೋಕ್, ಫ್ಯಾನ್ ರೆಗ್ಯುಲೇಟರ್, ಸ್ಟೇಜಿನ ಡಿಮ್ಮರ್, ಆಂಪಿನ ಟ್ರಾನ್ಸ್‌ಫಾರ್ಮರ್ ಎಲ್ಲದರ ಸದ್ದೂ ಕೇಳಿಸುತ್ತದೆ. ನಮ್ಮ ಲೈನ್ ಕರೆಂಟ್ 50 ಹರ್ಟ್ಸ್. ಆ ಗುಂಯ್ ಸದ್ದು ಜಿ ಸ್ವರದ ಪಕ್ಕಕ್ಕೇ ಬಂದು ಕೂರುತ್ತದೆ. ಹಾಡು ಜಿ ಶ್ರುತಿಯಲ್ಲಿದ್ದರೆ ಅಷ್ಟಾಗಿ ಗೊತ್ತಾಗುವುದಿಲ್ಲ, ಅದಕ್ಕಿಂತ ಅರ್ಧ ಸ್ವರ ಕೆಳಗಿನ ಎಫ್ ಶಾರ್ಪ್‌ನಲ್ಲಿದ್ದರೆ ರೊಟ್ಟಿ ತಿನ್ನುವಾಗ ಕಲ್ಲು ಸಿಕ್ಕ ಹಾಗೆ. ಒಮ್ಮೆ ಸೇಡಂ ರಸ್ತೆ ಕಡೆಯ ಮದುವೆಯೊಂದರಲ್ಲಿ ಗೋಡೆಯ ಆಚೆಯೇ ಜನರೇಟರ್ ಇಟ್ಟಿದ್ದರು. ಹಾಡು ನಿಂತ ಕೂಡಲೇ ಸ್ಪೀಕರಿನಲ್ಲಿ ಜೇನು ಎದ್ದ ಹಾಗೆ ಸದ್ದು. ಹೆಣ್ಣಿನ ತಂದೆ ತಿರುಗಿ ನನ್ನನ್ನೇ ನೋಡಿದರು. ನಿಂತಲ್ಲೇ ಸ್ವಲ್ಪ ಸ್ವಲ್ಪ ತಿರುಗುತ್ತಾ ಹೋದೆ. ಕಿಟಕಿಯ ಕಡೆ ಮುಖ ಮಾಡಿದಾಗ ಸದ್ದು ಮುಕ್ಕಾಲು ಪಾಲು ಇಳಿಯಿತು. ಆ ರಾತ್ರಿ ಪೂರ್ತಿ ಹಾಡುಗಾರರಿಗೆ ಬೆನ್ನು ಕೊಟ್ಟೇ ನುಡಿಸಿದೆ. ಸಿಂಗಲ್ ಕಾಯಿಲ್ ಹಿಡಿಯುವವನು ಈ ತಿರುಗುವ ಉಪಾಯ ಕಲಿತಿರಲೇಬೇಕು.

ಈ ಕಾಟಕ್ಕೆ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರ್ ಮಾಡಿದ ಮದ್ದೇ ಹಂಬಕರ್. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1957ರಲ್ಲಿ ಅದು ಲೆಸ್ ಪಾಲ್ ಗಿಟಾರಿನ ಮೇಲೆ ಬಂತು. ಎರಡು ಸುರುಳಿ ಪಕ್ಕಪಕ್ಕ. ಒಂದರದು ಇನ್ನೊಂದಕ್ಕೆ ಉಲ್ಟಾ ಸುತ್ತು, ಅಯಸ್ಕಾಂತದ ಮುಖವೂ ಉಲ್ಟಾ. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಎದುರುಬದುರಾಗಿ ಹೊಡೆದುಹೋಗುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಇದನ್ನು ಮೊದಲ ಸಲ ಬಿಚ್ಚಿ ನೋಡಿದಾಗ ಅಂಗಡಿಯಲ್ಲಿ ಒಬ್ಬನೇ ಕೂತು ಕೈ ಮುಗಿದಿದ್ದೆ, ಅಷ್ಟು ಚೊಕ್ಕ ಲೆಕ್ಕ ಅದು. ಆದರೆ ಗುಂಯ್ ಜೊತೆಗೆ ನಾದದ ಮೇಲಿನ ಮಿಂಚೂ ಸ್ವಲ್ಪ ಹೋಗುತ್ತದೆ. ಎರಡು ಸುರುಳಿಗಳು ತಂತಿಯನ್ನು ಎರಡು ಕಡೆ ಕೇಳುವುದರಿಂದ ತೀರಾ ಸಣ್ಣ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಸಿಂಗಲ್ ಕಾಯಿಲ್‌ನ ನಾದ ಹೊಸ ಸ್ಟೀಲ್ ತಟ್ಟೆಗೆ ಉಗುರು ತಾಗಿಸಿದ ಹಾಗೆ ಇರುತ್ತದೆ. ಹಂಬಕರ್‌ನದು ಹಾರ್ಮೋನಿಯಂನಲ್ಲಿ ಖರ್ಜದ ರೀಡನ್ನೂ ತೆರೆದ ಹಾಗೆ, ತುಂಬಿಕೊಂಡು ಬರುತ್ತದೆ.

ಇನ್ನೊಂದು ಮಾತು, ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಪಿಕಪ್ ಯಾವುದು ಎಂಬಷ್ಟೇ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ನಿನ್ನ ಅಕೌಸ್ಟಿಕ್ ಎತ್ತಿಕೋ. ಬ್ರಿಜ್‌ನಿಂದ (ತಂತಿಗಳ ಕೆಳತುದಿ ಕೂರುವ ಪಟ್ಟಿ) ಎರಡು ಬೆರಳಿನ ದೂರದಲ್ಲಿ ಒಂದು ತಂತಿ ಮೀಟು. ಅದೇ ತಂತಿಯನ್ನು ಕತ್ತಿನ ಮೇಲಿನ ಅಡ್ಡಗೆರೆಗಳಲ್ಲಿ 12ನೆಯದರ, ಅಂದರೆ 12ನೇ ಫ್ರೆಟ್ಟಿನ, ಮೇಲೆ ಮೀಟು. ಮೊದಲನೆಯದು ಚೂಪು, ಎರಡನೆಯದು ದುಂಡು. ಬ್ರಿಜ್ ಪಿಕಪ್, ನೆಕ್ (ಕತ್ತಿನ ಕಡೆಯ) ಪಿಕಪ್ ನಡುವಿನ ವ್ಯತ್ಯಾಸವೂ ಹೆಚ್ಚುಕಡಿಮೆ ಇದೇ. ಮರ, ಬಣ್ಣ, ತಲೆಯ ಮೇಲಿನ ಕಂಪನಿ ಹೆಸರು ಎಲ್ಲ ಇದರ ನಂತರದ ಮಾತು.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಹಳೇ ಸಿನಿಮಾ ಹಾಡಿನ ಬಿಡಿ ಬಿಡಿ ಮೀಟಿಗೆ ನೆಕ್ ಕಡೆಯ ಸಿಂಗಲ್ ಕಾಯಿಲ್ ಬೇಕು. ರಾಕ್‌ನಲ್ಲಿ ಡಿಸ್ಟಾರ್ಶನ್ (ನಾದವನ್ನು ಬೇಕೆಂದೇ ಒಡೆದು ಗರಗರ ಮಾಡುವ ಎಫೆಕ್ಟ್) ಒತ್ತಿದಾಗ ಗುಂಯ್ ಸದ್ದೂ ದೊಡ್ಡದಾಗುತ್ತದೆ, ಅಲ್ಲಿ ಬ್ರಿಜ್ ಹಂಬಕರ್ ಬೇಕು. ಬ್ರಿಜ್‌ನಲ್ಲಿ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್ ಇರುವ ಜೋಡಣೆಗೆ ಎಚ್‌ಎಸ್‌ಎಸ್ ಎನ್ನುತ್ತಾರೆ. ನೀನು ಅದನ್ನೇ ತಗೋ. ಯಮಾಹಾ ಪೆಸಿಫಿಕಾ ಸಾಲಿನಲ್ಲಿ ಇಂಥವು ಸಿಗುತ್ತವೆ, ಬೇರೆ ಕಂಪನಿಗಳವೂ ಇವೆ. ಪಿಕಪ್ ಆರಿಸುವ ಐದು ಜಾಗದ ಸ್ವಿಚ್‌ನಲ್ಲಿ ಎರಡನೆಯ, ನಾಲ್ಕನೆಯ ಜಾಗವನ್ನು ಕಿವಿಗೊಟ್ಟು ಕೇಳು. ಅಲ್ಲಿ ಎರಡು ಪಿಕಪ್ ಒಟ್ಟಿಗೆ ನುಡಿಯುತ್ತವೆ. ಫೆಂಡರ್ ಕಂಪನಿಯ 1954ರ ಸ್ಟ್ರಾಟೊಕಾಸ್ಟರ್ ಗಿಟಾರಿಗೆ ಮೂರೇ ಜಾಗದ ಸ್ವಿಚ್ ಇತ್ತು. ನುಡಿಸುವವರು ಅದನ್ನು ಎರಡು ಜಾಗಗಳ ನಡುವೆ ಸಿಕ್ಕಿಸಿ ಈ ನಾದ ಕಂಡುಕೊಂಡರು, ಫೆಂಡರ್ ಕಂಪನಿ ಐದರ ಸ್ವಿಚ್ ಕೊಟ್ಟದ್ದು 1977ರಲ್ಲಿ. ಹಾಗೆಯೇ 25 ಸಾವಿರ ಪೂರ್ತಿ ಗಿಟಾರಿಗೇ ಸುರಿಯಬೇಡ. ಅದರಲ್ಲಿ ಮೂರನೇ ಒಂದು ಪಾಲು ಆಂಪಿಗೆ ತೆಗೆದಿಡು.

ಅಂಗಡಿಯಲ್ಲಿ ಕೇಳುವಾಗ ಡಿಸ್ಟಾರ್ಶನ್, ಎಕೋ ಎಲ್ಲ ಬಂದ್ ಮಾಡಿಸು. ಐದೂ ಜಾಗದಲ್ಲಿ ಒಂದೇ ಕಾರ್ಡ್ (ಸ್ವರಗುಚ್ಛ) ಮೀಟು. ವಾಲ್ಯೂಮ್ 10ರಿಂದ 7ಕ್ಕೆ ಇಳಿಸಿ ನಾದ ಮಂಕಾಗುತ್ತದೆಯೋ ಕೇಳು. ನಾನು ಹೀಗೆ ಮಾಡದೆ ಕೆಟ್ಟಿದ್ದೇನೆ. ಬೇರೆ ಊರಿನ ಅಂಗಡಿಯೊಂದರಲ್ಲಿ ಹಳೇ ಗಿಟಾರ್ ಕೊಂಡಾಗ ಅವರು ಮೊದಲಿನಿಂದ ಕೊನೆವರೆಗೆ ಡಿಸ್ಟಾರ್ಶನ್ ಹಾಕಿಯೇ ಕೇಳಿಸಿದರು. ಮನೆಗೆ ಬಂದು ಆಂಪಿಗೆ ಹಾಕಿದರೆ ನಡುವಿನ ಪಿಕಪ್ ಸತ್ತಿತ್ತು. ಬಿಚ್ಚಿದೆ. ಮೇಣ ಸವರಿದ ಸುರುಳಿಯ ಮೊದಲ ಸುತ್ತು ಬೆಸುಗೆಗೆ ಸೇರುವ ಕಡೆ ಒಂದು ಸಾಸಿವೆ ಕಾಳಿನಷ್ಟು ಹಸಿರು ಕಿಲುಬು, ಬೆವರು ಇಳಿದು ತಂತಿಯನ್ನು ತಿಂದಿತ್ತು. ಒಳಗಿನ ತುದಿಯಾದ್ದರಿಂದ ಅಂಟು ಹಾಕಲು ಬರಲಿಲ್ಲ. ಪೂರ್ತಿ ಕತ್ತರಿಸಿ ತೆಗೆದು, ವೈಂಡಿಂಗ್ ಮಶೀನಿನಲ್ಲಿ ಎಣಿಸಿ 7,600 ಸುತ್ತು ಹೊಸದಾಗಿ ಹಾಕಿದೆ. ನಡುವೆ ನಾಲ್ಕು ಸಲ ತಂತಿ ಹರಿಯಿತು, ನಾಲ್ಕೂ ಸಲ ಮೊದಲಿನಿಂದ ಶುರು. ಮುಗಿಯುವ ಹೊತ್ತಿಗೆ ಬೆಳಗಿನ ಆಜಾನ್ ಕೇಳುತ್ತಿತ್ತು. ನಿನಗೆ ಆ ರಾತ್ರಿ ಬೇಡ.

ಪ್ರಶ್ನೆ: ನಾನು ಎಲೆಕ್ಟ್ರಿಶಿಯನ್. ಮಗನ ಗಿಟಾರಿನ ಪಿಕಪ್‌ಗೆ ಮೀಟರ್ ಹಿಡಿದರೆ 6 ಕಿಲೋ ಓಮ್ ತೋರಿಸುತ್ತದೆ. ಅವನ ಗೆಳೆಯನ ಗಿಟಾರಿನಲ್ಲಿ 15 ಇದೆ. ಹೆಚ್ಚು ಇದ್ದದ್ದು ಹೆಚ್ಚು ಒಳ್ಳೆಯದಲ್ಲವೇ?
— ಆಳಂದ

ಉತ್ತರ: ಅಲ್ಲ ಅಣ್ಣಾವ್ರೇ. 6 ಎಂದರೆ ಸರಿಯಾದ ಸಿಂಗಲ್ ಕಾಯಿಲ್. ಸಾಧಾರಣ ಹಂಬಕರ್ 8ರ ಹತ್ತಿರ ಇರುತ್ತದೆ. 15 ಇದ್ದರೆ ಸುತ್ತು ಹೆಚ್ಚು ಹಾಕಿದ್ದಾರೆ. ಜೋರು ಬರುತ್ತದೆ, ಡಿಸ್ಟಾರ್ಶನ್‌ಗೆ ಚೆಂದ, ಆದರೆ ಮೇಲಿನ ಮಿಂಚು ಹೋಗಿರುತ್ತದೆ. ಇನ್ನೂ ಸಣ್ಣ ತಂತಿ ಸುತ್ತಿದರೂ ಓಮ್ ಏರುತ್ತದೆ ಎಂಬುದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮೇ ತಿಂಗಳ ಮಧ್ಯಾಹ್ನ ಅಳೆದರೆ ಅದೇ ಪಿಕಪ್ ಚಳಿಗಾಲದ ಬೆಳಗಿಗಿಂತ ಸುಮಾರು ಶೇ 10 ಹೆಚ್ಚು ತೋರಿಸುತ್ತದೆ, ತಾಮ್ರದ ಗುಣವೇ ಅದು. ತಂತಿ ಹರಿದಿದೆಯೋ ಇಲ್ಲವೋ ನೋಡಲು ಮೀಟರ್ ಸಾಕು. ನಾದ ಹೇಗಿದೆ ಎಂದು ತಿಳಿಯಲು ಮಗನನ್ನು ಕೂರಿಸಿ ಕಿವಿಯಿಂದಲೇ ಕೇಳಿ.

ಪ್ರಶ್ನೆ: ನಾನು ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ವಚನ, ತತ್ವಪದಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರಿಸುವುದು) ಸಹಿತ ನುಡಿಸುವ ಆಸೆ. ಈಗಿರುವ ಗಿಟಾರಿನಲ್ಲಿ ದಪ್ಪ ತಂತಿಯ ಸ್ವರ ಅಲುಗಾಡುತ್ತದೆ, ಶ್ರುತಿ ನಿಲ್ಲುವುದಿಲ್ಲ. ಪಿಕಪ್ ಬದಲಿಸಬೇಕೇ?
— ಸಂಗೀತ ಶಿಕ್ಷಕಿ, ಯಾದಗಿರಿ

ಉತ್ತರ: ಅಕ್ಕೋರೆ, ಬದಲಿಸುವ ಮುಂಚೆ ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ಪಿಕಪ್ ತಂತಿಗೆ ತೀರಾ ಹತ್ತಿರ ಇದ್ದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ, ಒಂದು ಸ್ವರ ಎರಡಾಗಿ ಅಲೆಯುತ್ತದೆ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ಪಿಕಪ್‌ಗೂ ತಂತಿಗೂ ನಡುವಿನ ಸಂದು ನೋಡಿ. ದಪ್ಪ ತಂತಿಯ ಕಡೆ ಎರಡೂವರೆ ಮಿ.ಮೀ, ಸಣ್ಣ ತಂತಿಯ ಕಡೆ ಎರಡು ಬಿಡಿ, ಆಮೇಲೆ ಕಿವಿ ಹೇಳಿದಂತೆ. ಎರಡೂ ಬದಿಯ ಸ್ಕ್ರೂ ಸಡಿಲಿಸಿದರೆ ಪಿಕಪ್ ಇಳಿಯುತ್ತದೆ. ನಿಮ್ಮ ತೊಂದರೆ ಬಹುಶಃ ಇಷ್ಟರಲ್ಲೇ ಮುಗಿಯುತ್ತದೆ.

ಮುಂದೆ ಹೊಸ ಗಿಟಾರ್ ಕೊಳ್ಳುವುದಾದರೆ ನೆಕ್ ಕಡೆ ಹಂಬಕರ್ ಇರುವಂಥದ್ದು ನೋಡಿ. ಅಯಸ್ಕಾಂತ ಸೆರಾಮಿಕ್‌ಗಿಂತ ಆಲ್ನಿಕೋ (ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಲೋಹ) ಇದ್ದರೆ ನಿಮ್ಮ ಕೆಲಸಕ್ಕೆ ಮೆತ್ತಗೆ ಕೂರುತ್ತದೆ. ಗಿಬ್ಸನ್ ಮಾದರಿಯ 628 ಮಿ.ಮೀ ಉದ್ದದ ತಂತಿ ಫೆಂಡರ್ ಮಾದರಿಯ 648 ಮಿ.ಮೀಗಿಂತ ಸಡಿಲ, ಎಳೆದು ಮೀಂಡ್ ತೆಗೆಯುವ ಬೆರಳಿಗೆ ಆ 20 ಮಿ.ಮೀ ದೊಡ್ಡ ಉಪಕಾರ. ಟೋನ್ ಗುಬ್ಬಿ (ತಿರುಗಿಸುವ ನಾಬ್) ಅರ್ಧಕ್ಕೆ ಇಳಿಸಿ, ವಾಲ್ಯೂಮನ್ನು ಕಿರುಬೆರಳಿನಿಂದ ಏರಿಸುತ್ತಾ ಮೀಟಿನ ಸದ್ದು ಮುಚ್ಚಿ ಸ್ವರ ಮಾತ್ರ ಬಿಡುವುದನ್ನು ರೂಢಿ ಮಾಡಿಕೊಳ್ಳಿ. ಇದೆಲ್ಲ ನಮ್ಮ ಸಂಗೀತಕ್ಕೆ ಒಗ್ಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಕರ್ನಾಟಕ ಸಂಗೀತದ ಯು. ಶ್ರೀನಿವಾಸ್ ಅವರ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಕೇಳಿಸಿ. ಅಲ್ಲಿ ಗಮಕಕ್ಕೆ ಕೊರತೆ ಎಲ್ಲಿದೆ?

ಪ್ರಶ್ನೆ: ನಾನು ಚರ್ಚ್ ಕಾಯರ್‌ನಲ್ಲಿ ಲೀಡ್ ಗಿಟಾರ್ ನುಡಿಸುತ್ತೇನೆ. ಅಣ್ಣ ಬಿದರಿ ಕೆಲಸಗಾರ. ಕ್ರಿಸ್ಮಸ್‌ಗೆ ನನ್ನ ಹಂಬಕರ್‌ಗಳ ಮೇಲಿನ ಮುಚ್ಚಳ ತೆಗೆದು ಬಿದರಿಯಲ್ಲಿ ಬೆಳ್ಳಿ ಬಳ್ಳಿ ಕೂರಿಸಿದ ಮುಚ್ಚಳ ಮಾಡಿಕೊಡುತ್ತೇನೆ ಎನ್ನುತ್ತಾನೆ. ನಾದಕ್ಕೆ ತೊಂದರೆ ಆಗುತ್ತದೆಯೇ?
— ಬೀದರ್

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇಂಥ ಪ್ರಶ್ನೆ ನಮ್ಮ ಭಾಗದಿಂದಲ್ಲದೆ ಇನ್ನೆಲ್ಲಿಂದ ಬರಬೇಕು!

ಆದರೂ ನಿಜ ಹೇಳಬೇಕು. ಬಿದರಿಯ ಲೋಹ ಬಹುಪಾಲು ಸತುವು, ಜೊತೆಗೆ ಸ್ವಲ್ಪ ತಾಮ್ರ. ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆ ಮಟ್ಟಿಗೆ ಸರಿ. ಆದರೆ ವಿದ್ಯುತ್ ಅದರಲ್ಲಿ ಸಲೀಸಾಗಿ ಹರಿಯುತ್ತದೆ. ತಂತಿ ಅಲುಗಿದಾಗ ಮುಚ್ಚಳದ ಒಳಗೇ ಸಣ್ಣ ಸುಳಿ ಕರೆಂಟುಗಳು ಹುಟ್ಟಿ ನಾದದ ಮೇಲಿನ ಭಾಗವನ್ನು ನುಂಗುತ್ತವೆ. ಹಿತ್ತಾಳೆ ಮುಚ್ಚಳ ಹಾಕಿದ ಅಗ್ಗದ ಪಿಕಪ್‌ಗಳು ಕಂಬಳಿ ಹೊದ್ದ ಹಾಗೆ ನುಡಿಯುವುದು ಇದಕ್ಕೇ. ಸತುವೂ ಹೆಚ್ಚುಕಡಿಮೆ ಹಿತ್ತಾಳೆಯಷ್ಟೇ ಕರೆಂಟ್ ಬಿಡುತ್ತದೆ. ಒಳ್ಳೆಯ ಹಂಬಕರ್‌ಗೆ ಜರ್ಮನ್ ಸಿಲ್ವರ್ (ಬೆಳ್ಳಿಯಲ್ಲ, ತಾಮ್ರ-ನಿಕ್ಕಲ್-ಸತುವಿನ ಮಿಶ್ರಣ) ತಗಡು ಹಾಕುತ್ತಾರೆ, ಅದಕ್ಕೆ ತಡೆ ಹೆಚ್ಚು, ನಾದ ಉಳಿಯುತ್ತದೆ. ಅದೂ ತೆಳು ತಗಡು. ಅಣ್ಣ ಮರಳಚ್ಚಿನಲ್ಲಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಬಡಿದು ಕೂರಿಸಲು ದಪ್ಪ ಬೇಕೇ ಬೇಕು. ದಪ್ಪವಾದಷ್ಟೂ ನಾದ ಮಂಕು. ಪಿಕಪ್ ಸುತ್ತ ಉಂಗುರದ ಹಾಗೆ ಕೂರಿಸುವುದೂ ಬೇಡ, ಅದೂ ಅದೇ ಕೆಲಸ ಮಾಡುತ್ತದೆ.

ಹಾಗಂತ ಅವರ ಕೈಯ ಕೆಲಸ ಗಿಟಾರಿನ ಮೇಲೆ ಬರಬಾರದು ಅಂತಲ್ಲ, ಬರಲೇಬೇಕು. ವಾಲ್ಯೂಮ್, ಟೋನ್ ಗುಬ್ಬಿಗಳನ್ನು ಬಿದರಿಯಲ್ಲಿ ಮಾಡಿಸಿ. ಹಿಂಬದಿಯಲ್ಲಿ ನಾಲ್ಕು ಸ್ಕ್ರೂ ಹಾಕಿ ಕತ್ತು ಜೋಡಿಸುವ ಪ್ಲೇಟ್ ನಿಮ್ಮ ಗಿಟಾರಿನಲ್ಲಿದ್ದರೆ ಅದಕ್ಕೂ ಬಿದರಿ ಒಪ್ಪುತ್ತದೆ, ಬಳ್ಳಿ ಬಿಡಲು ಜಾಗವೂ ಅಲ್ಲಿ ಹೆಚ್ಚು. ಎರಡೂ ಕಡೆ ನಾದಕ್ಕೆ ಏನೂ ಆಗುವುದಿಲ್ಲ. ಬೀದರ್ ಕೋಟೆಯ ಮಣ್ಣಿನಿಂದ ಬಿದರಿಗೆ ಬಂದ ಆ ಕಪ್ಪು ಬಣ್ಣ ಬೆರಳಿನ ಬೆವರಿಗೆ ಸವೆಯಬಹುದು, ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ.

ಎರಕಕ್ಕೆ ಮುಂಚೆ ಈಗಿನ ಗುಬ್ಬಿ ಕಿತ್ತು ಕೆಳಗಿನ ಶಾಫ್ಟ್ ನೋಡಿ. ಸಾಮಾನ್ಯವಾಗಿ 6 ಮಿ.ಮೀ ಆಸುಪಾಸು ಇರುತ್ತದೆ, ಕೆಲವಕ್ಕೆ ಹಲ್ಲು ಇರುತ್ತದೆ, ಕೆಲವು ನುಣುಪು. ನುಣುಪಾಗಿದ್ದರೆ ಗುಬ್ಬಿಯ ಪಕ್ಕದಲ್ಲಿ ಬಿಗಿಯಲು ಒಂದು ಸಣ್ಣ ಸ್ಕ್ರೂ ತೂತು ಬಿಡಬೇಕು. ಆ ತೂತಿನ ಜಾಗ ಮೊದಲೇ ಗುರುತು ಮಾಡಿ ಅಣ್ಣನಿಗೆ ಕೊಡಿ, ಇಲ್ಲದಿದ್ದರೆ ಅದು ಬಂದು ಬೆಳ್ಳಿ ಎಲೆಯ ಮೇಲೆಯೇ ಬೀಳುತ್ತದೆ.