ಬೂಷ್ಟಿನ ಜಾತಕ ನಮಗೇಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಶಿಲೀಂಧ್ರಗಳ ಕ್ರೋಮೋಸೋಮ್ ಎಣಿಸಲು ನಾಲ್ಕು ಪುಟ ಹಾಳು ಮಾಡಿದ್ದೀರಿ. ನನ್ನ ಟೊಮೆಟೊ ಸೊರಗುತ್ತಿದೆ. ಯಾವ ಔಷಧಿ ಹೊಡೆಯಬೇಕೆಂದು ಹೇಳದ ಪತ್ರಿಕೆ ರೈತನಿಗೆ ಯಾಕೆ? ಚಂದಾ ನಿಲ್ಲಿಸುತ್ತೇನೆ.
– ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಸಾಲ ಮಾಡಿ ನೆಟ್ಟ ಗಿಡ ಕಣ್ಣೆದುರೇ ಬಾಡುವಾಗ ಜೀನೋಮ್ ಪುರಾಣ ಯಾರಿಗೂ ರುಚಿಸುವುದಿಲ್ಲ, ಒಪ್ಪಿದೆ. ಆದರೆ ಸ್ವಾಮಿ, ಬಾಡಿದ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿದಿರಾ? ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಹಿಡಿದಾಗ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯ. ಎಳೆ ಇಳಿಯದೆ, ಸಿಪ್ಪೆಯ ಕೆಳಗೆ ಕಂದು ಗೆರೆ ಮಾತ್ರ ಕಂಡರೆ ಫ್ಯುಸೇರಿಯಂ ಎಂಬ ಶಿಲೀಂಧ್ರ ಇರಬಹುದು. ಅದು ಬೇರಿನಿಂದ ಹತ್ತಿ ನೀರಿನ ನಾಳದೊಳಗೇ ಬೀಡುಬಿಡುತ್ತದೆ. ಎಲೆಗೆ ಎಷ್ಟು ಹೊಡೆದರೂ ಅದಕ್ಕೆ ತಟ್ಟುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಬಾಟಲಿ ಕೊಡುತ್ತಾರೆ.

ನೀವು ಹಳಿದ ಆ ನಾಲ್ಕು ಪುಟದಲ್ಲಿ ಇದ್ದದ್ದು ಇದೇ ಶತ್ರುವಿನ ಗುಟ್ಟು. ಟೊಮೆಟೊ ಸೊರಗಿಸುವ ಫ್ಯುಸೇರಿಯಂನ ಹೆಸರಾಂತ ತಳಿಯೊಂದರಲ್ಲಿ 15 ಕ್ರೋಮೋಸೋಮ್‌ಗಳಿವೆ, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು. ಅದರ ಬದುಕಿಗೆ ಅವೆಲ್ಲವೂ ಬೇಕಿಲ್ಲ. ಕೆಲವು ಹೆಚ್ಚುವರಿ, ಒಂದು ತಳಿಯಲ್ಲಿರುತ್ತವೆ, ಇನ್ನೊಂದರಲ್ಲಿ ಇರುವುದಿಲ್ಲ. ರೋಗ ತರುವ ಸರಕು ಮುಖ್ಯವಾಗಿ 14ನೆಯದರಲ್ಲಿದೆ. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ತಳಿಯನ್ನು ನಿರುಪದ್ರವಿ ತಳಿಯೊಂದರ ಜೊತೆ ಒಂದೇ ತಟ್ಟೆಯಲ್ಲಿ ಬೆಳೆಸಿದರು. ಆ 14ನೆಯದು ಪಕ್ಕದ ತಳಿಗೆ ದಾಟಿತು. ಅಲ್ಲಿಯವರೆಗೆ ಸಾಧುವಾಗಿದ್ದದ್ದು ಟೊಮೆಟೊ ಗಿಡಕ್ಕೆ ರೋಗ ತಂದಿತು! ಶಿಲೀಂಧ್ರದ ಯಾವ ಪ್ರೋಟೀನ್‌ಗಳಿಂದ ಗಿಡ ಶತ್ರುವಿನ ಗುರುತು ಹಿಡಿಯುತ್ತದೋ ಅವುಗಳ ಜೀನ್‌ಗಳೂ ಆ 14ನೆಯದರಲ್ಲೇ ಇವೆ. ಅಂಥದ್ದೊಂದನ್ನು ಶಿಲೀಂಧ್ರ ಕಳೆದುಕೊಂಡರೆ, ಅದನ್ನು ನೆಚ್ಚಿದ ನಿಮ್ಮ ‘ರೋಗನಿರೋಧಕ’ ತಳಿ ಮುಂದಿನ ಬೆಳೆಗೇ ಸೋಲಬಹುದು. ಹಾಗಾಗಿಯೇ ಕೆಲವು ಬೀಜದ ವಿವರಗಳಲ್ಲಿ ಫ್ಯುಸೇರಿಯಂನ 1, 2, 3 ಎಂಬ ರೇಸ್ (ಒಳಬಗೆ) ಸಂಖ್ಯೆ ಇರುತ್ತದೆ. ಬೀಜ ಕೊಳ್ಳುವಾಗ ಅದನ್ನು ಕೇಳಿ.

ಇದು ಹೊಲಕ್ಕೆ ಸೀಮಿತವಲ್ಲ. ಮನುಷ್ಯರ ಬಾಯಿ, ಕರುಳಿನಲ್ಲಿರುವ ಕ್ಯಾಂಡಿಡಾ ಎಂಬ ಶಿಲೀಂಧ್ರ, ತನ್ನನ್ನು ತಡೆಯುವ ಫ್ಲುಕೊನಜೋಲ್ ಮಾತ್ರೆಯ ಎದುರು ತನ್ನ 5ನೇ ಕ್ರೋಮೋಸೋಮಿನ ಎಡತೋಳನ್ನು ಇಮ್ಮಡಿಸಿಕೊಂಡು ಬದುಕುವುದನ್ನು 2006ರಲ್ಲೇ ಕಂಡಿದ್ದಾರೆ. ಔಷಧಿಯ ಗುರಿಯಾದ ಜೀನ್ ಇರುವುದೂ, ಔಷಧಿಯನ್ನು ಹೊರದಬ್ಬುವ ಪಂಪಿಗೆ ಚಾಲನೆ ಕೊಡುವ ಜೀನ್ ಇರುವುದೂ ಆ ತೋಳಿನಲ್ಲೇ. ಬೂಷ್ಟು ಹೀಗೆ ಲೆಕ್ಕ ಬದಲಿಸುತ್ತಿರುವಾಗ ನಾವು ಮಕ್ಕಳಿಗೆ ‘ಮನುಷ್ಯನಿಗೆ 46’ ಎಂದು ಬಾಯಿಪಾಠ ಮಾಡಿಸಿ, ಎರಡು ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಬರೆದು ಬಡ್ತಿ ಪಡೆಯುತ್ತಾರೆ. ನಮ್ಮ ಪತ್ರಿಕೆಗಳು ವಿಜ್ಞಾನದ ಪುಟ ಕಿತ್ತು ರಾಶಿಫಲಕ್ಕೆ ಜಾಗ ಕೊಡುತ್ತವೆ. ಯಾರೋ ಒಬ್ಬರು ಕನ್ನಡದಲ್ಲಿ ನಾಲ್ಕು ಪುಟ ಬರೆದರೆ ನಿಮ್ಮಂಥ ಬುದ್ಧಿವಂತ ರೈತರೇ ‘ಹಾಳು’ ಎನ್ನುತ್ತೀರಿ!

ಚಂದಾ ನಿಲ್ಲಿಸುವುದಾದರೆ ಮುಂದಿನ ಸಂಚಿಕೆ ನೋಡಿ ನಿಲ್ಲಿಸಿ. ನಂಜನಗೂಡು ರಸಬಾಳೆಯ ತೋಟಗಳನ್ನು ತಿಂದ ಪನಾಮಾ ಸೊರಗು ರೋಗದ ಲೇಖನವಿದೆ. ಅದೂ ಫ್ಯುಸೇರಿಯಂ ಕುಲದ್ದೇ. ಅದಕ್ಕೆ ಐದು ಪುಟ ಕೊಟ್ಟಿದ್ದೇನೆ.